ಆರ್ಲೀನಳ ತಪ್ಪುಗಳು

ಅಮೆರಿಕದ ನೆವಾಡಾದ ಆ ಸೀಮೆಯಲ್ಲಿ ಚಿತ್ರ ನೋಡುವವರು ಮೋಡ ನೋಡುವುದಿಲ್ಲ, ಬೆಟ್ಟ ನೋಡುವುದಿಲ್ಲ; ಮೊದಲು ಕುದುರೆಗೆ ಜೀನು ಬಿಗಿಯುವ ಹೊಟ್ಟೆಪಟ್ಟಿ ನೋಡುತ್ತಾರೆ. ಪಟ್ಟಿ ಸಡಿಲವಿದ್ದರೆ ಮುಗಿಯಿತು, ಹಿಂದಿನ ಸೂರ್ಯಾಸ್ತ ಎಷ್ಟೇ ಚಂದವಿದ್ದರೂ ಮೂರು ಕಾಸಿನ ಬೆಲೆಯಿಲ್ಲ. ದನ ಕಾಯುವವರ ನಡುವೆ ಹುಟ್ಟಿ, ದನ ಕಾಯುವವನನ್ನೇ ಕಟ್ಟಿಕೊಂಡು, ದನ ಕುದುರೆಗಳನ್ನೇ ಬರೆದುಕೊಂಡು ಬಂದ ಆರ್ಲೀನಳಿಗೆ ಇದು ಚೆನ್ನಾಗಿ ಗೊತ್ತು. ಅವಳ ಚಿತ್ರಗಳನ್ನು ರೀನೋ ನಗರದ ಸಿರಿವಂತರು ಕೊಂಡು ಗೋಡೆಗೆ ತೂಗುಹಾಕಿಕೊಳ್ಳುತ್ತಿದ್ದರು, ನಿಜ. ಆದರೆ ಗಂಡ ಡ್ವೈಟ್ ನೋಡಿ ತಪ್ಪು ಹುಡುಕದೆ ನಲವತ್ತೊಂದು ವರ್ಷಗಳಲ್ಲಿ ಒಂದು ಚಿತ್ರವೂ ಆ ಮನೆಯ ಹೊಸಿಲು ದಾಟಿರಲಿಲ್ಲ.

"ಈ ಕುದುರೆ ಮೂರು ಕಾಲ್ಮೇಲೆ ನಿಂತಿದೆಯಲ್ಲೇ ಮುದುಕಿ! ನಾಲ್ಕನೇದನ್ನ ಯಾರಿಗೆ ಎರವಲು ಕೊಟ್ಟೆ?" ಎನ್ನುತ್ತಿದ್ದ. ಅವಳಿಗೆ ಇಪ್ಪತ್ತೈದು ತುಂಬಿದಾಗಿನಿಂದಲೂ ಅವನ ಬಾಯಲ್ಲಿ ಅವಳು ಮುದುಕಿಯೇ. ಬಣ್ಣ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಬೀಸಿ ಒಗೆದು, ಅವನು ಆಚೆ ಹೋದ ಮೇಲೆ ಸದ್ದಿಲ್ಲದೆ ಕಾಲು ತಿದ್ದುತ್ತಿದ್ದಳು. ಅವನು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಸಿಟ್ಟು ಬರುತ್ತಿದ್ದುದೇ ಅದಕ್ಕೆ.

ಕಳೆದ ಅಕ್ಟೋಬರಿನಲ್ಲಿ ಡ್ವೈಟ್‌ಗೆ ಲಕ್ವ ಹೊಡೆಯಿತು. ಬಲಗಾಲು, ಬಲಗೈ, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಚಳಿಗಾಲ ಕಳೆಯುವ ಹೊತ್ತಿಗೆ ಕಾಲು ಒಂದಿಷ್ಟು ಸುಧಾರಿಸಿ, ಊರುಗೋಲು ಹಿಡಿದು ಬಚ್ಚಲಿಗೆ ಹೋಗಿಬರುವಂತಾದ. ಮಾತು ಮಾತ್ರ ಬರಲಿಲ್ಲ. ಎಲ್ಕೋ ಪೇಟೆಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸು ಅವನ ಮುಂದೆ ಸೇಬುಹಣ್ಣಿನ ಚಿತ್ರ ಹಿಡಿದು ಇದೇನೆಂದು ಕೇಳಿದರೆ, ಅವನು ಮುಖ ತಿರುಗಿಸಿ ಗೋಡೆ ನೋಡಿದ. ಅವಳು ಆರ್ಲೀನಳನ್ನು ಪಕ್ಕಕ್ಕೆ ಕರೆದಳು.

"ಮಾತು ಒಳಗೇ ಇದೆ ಕಣಮ್ಮ. ಅವರು ಆಡ್ತಿಲ್ಲ, ಅಷ್ಟೆ. ಬೇಸಿಗೆಯೊಳಗೆ ಬಾಯಿ ಬಿಡ್ಲಿಲ್ಲ ಅಂದ್ರೆ ಆಮೇಲೆ ತುಂಬಾ ಕಷ್ಟ ಆಗುತ್ತೆ. ಹೇಗಾದ್ರೂ ಮಾತಾಡಿಸಿ."

ಹೇಗಾದರೂ ಎಂದರೆ ಹೇಗೆ? ಅಡುಗೆಮನೆಯ ಕಿಟಕಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತವನು ಕುದುರೆಗಳು ಕೆನೆದರೂ ತಿರುಗುತ್ತಿರಲಿಲ್ಲ. ಆರ್ಲೀನ್ ದಿನವಿಡೀ ತಾನೇ ಮಾತಾಡಿ ತಾನೇ ಉತ್ತರ ಕೊಟ್ಟುಕೊಂಡು ಗಂಟಲು ಒಣಗಿಸಿಕೊಳ್ಳುತ್ತಿದ್ದಳು.

ಏಪ್ರಿಲ್ ಮೊದಲ ವಾರ ಪಕ್ಕದ ರ‍್ಯಾಂಚಿನ ಪೇಯೊ ಬಂದ. ಬಾಸ್ಕ್ ಜನದವನು, ಅವನ ಅಪ್ಪ ಕುರಿ ಕಾಯಲು ಸ್ಪೇನಿನಿಂದ ಬಂದು ಇಲ್ಲೇ ನಿಂತವನು. ಪೇಯೊ ಈಗ ಐನೂರು ದನಗಳ ಒಡೆಯನಾದರೂ ಡ್ವೈಟ್ ಅವನನ್ನು ಕರೆಯುತ್ತಿದ್ದುದು 'ಕುರಿಯವನೇ' ಎಂದೇ.

"ಏನಪ್ಪಾ ಡ್ವೈಟ್," ಎಂದ ಪೇಯೊ, ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟು. "ಆರು ತಿಂಗಳಿಂದ ನನ್ನ ಯಾರೂ ಕುರಿಯವನೇ ಅಂತ ಬೈದಿಲ್ಲ. ಬರ್ತಾ ಬರ್ತಾ ನಾನೇ ದೊಡ್ಡ ಮನುಷ್ಯ ಅನ್ನಿಸ್ಬಿಟ್ಟಿದೆ ನಂಗೆ. ಹಿಂಗೇ ಬಿಟ್ರೆ ಚುನಾವಣೆಗೆ ನಿಂತ್ಬಿಡ್ತೀನಿ ನೋಡು."

ಡ್ವೈಟ್ ಎಡಗೈಯಿಂದ ರೊಟ್ಟಿಯ ಗಂಟನ್ನು ಆಚೆ ಸರಿಸಿದ. ಪೇಯೊ ಬಂದದ್ದು ಚಿತ್ರದ ಮಾತಿಗೆ: ಊರವರೆಲ್ಲ ಸೇರಿ ಊಟ ಮಾಡುವ ಹಾಲ್‌ನ ಗೋಡೆಗೆ, ಕರುಗಳಿಗೆ ಒಡೆಯನ ಗುರುತಿನ ಬರೆ ಹಾಕುವ ದಿನದ ಒಂದು ದೊಡ್ಡ ಚಿತ್ರ ಬೇಕಿತ್ತು. ಕುದುರೆ ಮೇಲೆ ಹಗ್ಗ ಬೀಸುವವನು ಡ್ವೈಟ್ ಆಗಿರಬೇಕು. ಹೊರಡುವಾಗ ಬಾಗಿಲಲ್ಲಿ ದನಿ ತಗ್ಗಿಸಿದ.

"ಆರ್ಲೀನ್, ಅವನ ಹತ್ರ ಬೈಸ್ಕೋ. ತಪ್ಪು ಹುಡುಕೋದಂದ್ರೆ ಅವನಿಗೆ ಜೀವ. ಅವನ ಮಂಚದ ಪಕ್ಕ ಒಂದು ತಪ್ಪು ಕೂರಿಸು, ಸತ್ತಿದ್ರೂ ಎದ್ದು ಬರ್ತಾನೆ."

ಮಾತು ಅವಳ ತಲೆಯಲ್ಲಿ ಕೂತಿತು. ಮರುದಿನವೇ ಚಿತ್ರದ ಚೌಕಟ್ಟನ್ನು ಅಡುಗೆಮನೆಗೆ ಎಳೆತಂದು ಡ್ವೈಟ್‌ನ ಕಣ್ಣೆದುರೇ ನಿಲ್ಲಿಸಿದಳು. ಮೊದಲು, ಎಡಪಕ್ಕೆಯ ಮೇಲಿರಬೇಕಾದ ತಮ್ಮ ಬರೆಯ ಗುರುತನ್ನು ಹಸುವಿನ ಬಲತೊಡೆಯ ಮೇಲೆ ಬರೆದಳು. ಆ ಗುರುತು ಅವನ ತಾತನದು. ಅದನ್ನು ಜಾಗ ತಪ್ಪಿಸಿ ಹಾಕಿದವನಿಗೆ ಡ್ವೈಟ್ ಹೊಡೆದೇಬಿಡುತ್ತಿದ್ದ. ಅವನು ನೋಡಿದ. ಕಣ್ಣು ಕೆಳಗೆ ಹಾಕಿದ. ಎರಡನೇ ದಿನ ಒಂದು ಕುದುರೆಗೆ ಲಗಾಮೇ ಇಲ್ಲದಂತೆ ಬರೆದಳು. ಮೂರನೇ ದಿನ ಮಾನ ಮರ್ಯಾದೆ ಬಿಟ್ಟು, ಮಲಗಿದ ಹಸುವೊಂದು ಮುಂಗಾಲೂರಿ ಏಳುವಂತೆ ಬರೆದಳು. ಮುಂಗಾಲೂರಿ ಏಳುವುದು ಕುದುರೆ. ಹಸು ಮೊದಲು ಹಿಂಭಾಗ ಎತ್ತುತ್ತದೆ. ಅಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ ಅದು.

"ಹೆಂಗಿದೆ ಹಸು?" ಎಂದು ಕೇಳಿದಳು.

ಡ್ವೈಟ್ ಕಣ್ಣು ಮುಚ್ಚಿಕೊಂಡ.

"ಬೈಯೋ! ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೀಯಾ? ಒಂದ್ಸಲ ಬೈಯೋ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಕೂಗಿದವಳು, ತಟ್ಟೆ ತೊಳೆಯುವ ನೆಪದಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ತಾನೂ ಒಂದು ಮೂಕ ಮನೆಯಲ್ಲಿ ಮೂಕಿಯಾಗಿ ಸಾಯುತ್ತೇನೆ ಎನ್ನಿಸಿತು. ಅವನ ಕುಚೋದ್ಯವಿಲ್ಲದ ಬದುಕು ಅವಳಿಗೆ ಬೇಡವಾಗಿತ್ತು.

ಆಮೇಲೆ ಆ ಆಟ ಕೈಬಿಟ್ಟಳು. ಕೆಲಸ ಕೆಲಸವೇ ತಾನೆ. ಒಂದು ಬೆಳಿಗ್ಗೆ ಕೂತು ಗುರುತನ್ನು ಅದರ ಜಾಗಕ್ಕೆ ತಂದಳು, ಕುದುರೆಗೆ ಲಗಾಮು ತೊಡಿಸಿದಳು, ಹಸುವನ್ನು ಹಸುವಿನ ಹಾಗೇ ಎಬ್ಬಿಸಿದಳು. ಕೊನೆಗೆ ಉಳಿದದ್ದು ಕುದುರೆ ಮೇಲಿನ ಡ್ವೈಟ್. ಹಗ್ಗ ಕರುವಿನ ಹಿಂಗಾಲಿಗೆ ಬಿದ್ದಿದೆ, ಬಲಗೈಯಲ್ಲಿ ಹಗ್ಗದ ತುದಿಯನ್ನು ಜೀನಿನ ಮುಂದೆ ಗೂಟದಂತೆ ಎದ್ದ ಕೊಂಬಿಗೆ ಸುತ್ತುತ್ತಿದ್ದಾನೆ. ಸಾವಿರ ಸಲ ನೋಡಿದ ನೋಟ, ಯಾವ ಫೋಟೋವೂ ಬೇಕಿರಲಿಲ್ಲ. ಕುಂಚ ತಾನಾಗಿ ಓಡಿತು. ಮುಗಿಸಿ, ಕೈ ಒರೆಸಿಕೊಂಡು, ಒಲೆಯ ಮೇಲಿನ ಆಲೂಗಡ್ಡೆ ಮಗುಚಲು ಹೋದಳು.

ಹಿಂದೆ ಕುರ್ಚಿ ಕಿರುಗುಟ್ಟಿತು. ತಿರುಗಿದರೆ ಡ್ವೈಟ್ ಎದ್ದು ನಿಂತಿದ್ದ. ಊರುಗೋಲು ನೆಲಕ್ಕೆ ಬಿದ್ದಿತ್ತು. ಎಡಗೈಯಲ್ಲಿ ಮೇಜು ಹಿಡಿದು, ಮೂಗು ತಾಗುವಷ್ಟು ಹತ್ತಿರ ನಿಂತು ಚಿತ್ರ ನೋಡುತ್ತಿದ್ದ. ಗಂಟಲಿನಿಂದ ಕಲ್ಲು ಹೊರಳಿದಂಥ ಸದ್ದು ಬಂತು.

"ಹೆ... ಹೆಬ್... ಹೆಬ್ಬೆರಳು."

ಆರ್ಲೀನಳ ಕೈಯಿಂದ ಸೌಟು ಜಾರಿತು.

"ಹೆಬ್ಬೆರಳು... ಕೆಳಗೆ!" ಎಂದ. ಸಿಟ್ಟಿನಿಂದಲೇ ಎಂದ.

ಆ ಸೀಮೆಯಲ್ಲಿ ಹಗ್ಗ ಹಿಡಿದವನಿಗೆ ಕಲಿಸುವ ಮೊದಲ ಪಾಠ ಅದು. ಕೊಂಬಿಗೆ ಹಗ್ಗ ಸುತ್ತುವಾಗ ಹೆಬ್ಬೆರಳು ಮೇಲಕ್ಕಿರಬೇಕು. ಕೆಳಗಿದ್ದರೆ, ಕರು ಎಳೆದ ಏಟಿಗೆ ಬೆರಳು ಹಗ್ಗಕ್ಕೂ ಕೊಂಬಿಗೂ ನಡುವೆ ಸಿಕ್ಕಿ ಹಾರಿಹೋಗುತ್ತದೆ. ಒಂಬತ್ತು ಬೆರಳಿನ ಗಂಡಸರು ಅಲ್ಲಿ ಊರಿಗೆ ನಾಲ್ವರು ಸಿಗುತ್ತಾರೆ. ಮದುವೆಯಾದ ಹೊಸದರಲ್ಲಿ ಡ್ವೈಟ್ ಇದನ್ನು ಅವಳಿಗೂ ಬೈದು ಬೈದು ಕಲಿಸಿದ್ದ. ಇಂಥ ತಪ್ಪು ಅವಳ ಕೈಯಲ್ಲಿ ಹೇಗೆ ಆಯಿತು?

ಹತ್ತಿರ ಬಂದು ನೋಡಿದಳು. ಮಣಿಕಟ್ಟು ಬಾಗಿತ್ತು, ಬೆರಳುಗಳು ಮುದುರಿದ್ದವು, ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿತ್ತು. ಆ ಕೈ ಯಾವುದೆಂದು ಆಗ ಗೊತ್ತಾಯಿತು. ಅಕ್ಟೋಬರಿನಿಂದ ದಿನ ಬೆಳಗಾದರೆ ಸೋಪು ಹಚ್ಚಿ ತೊಳೆದು, ಅಂಗಿಯ ತೋಳಿಗೆ ತೂರಿಸಿ, ಗುಂಡಿ ಹಾಕುತ್ತಿದ್ದ ಕೈ. ನಲವತ್ತೊಂದು ವರ್ಷ ನೋಡಿದ ಕೈಯನ್ನು ಆರೇ ತಿಂಗಳಲ್ಲಿ ಮರೆತು, ಕಾಯಿಲೆಯ ಕೈಯನ್ನೇ ಕುದುರೆ ಹತ್ತಿಸಿಬಿಟ್ಟಿದ್ದಳು. ನಾಚಿಕೆಯಿಂದ ಅವಳ ಮೈ ಹಿಡಿಯಷ್ಟಾಯಿತು.

"ತಪ್ಪಾಯ್ತು ಕಣೋ," ಎಂದಳು. "ಮೊನ್ನೆಯೆಲ್ಲ ಅಷ್ಟೊಂದು ತಪ್ಪು ಮಾಡಿದೆನಲ್ಲ, ಆಗ ಯಾಕೆ ಸುಮ್ನಿದ್ದೆ?"

ಅವನು ಪದಗಳನ್ನು ಒಂದೊಂದಾಗಿ ಎಳೆದು ತಂದ.

"ಅದು... ಸುಳ್ಳು. ಇದು... ತಪ್ಪು."

ಅವಳು ಬಣ್ಣ ಕರಗಿಸುವ ಟರ್ಪೆಂಟೈನ್ ಬಟ್ಟೆಯಿಂದ ಚಿತ್ರದ ಆ ಕೈಯನ್ನು ಒರೆಸಿ ತೆಗೆದಳು. ಕುಂಚ ಎತ್ತಿಕೊಂಡಳು, ಆದರೆ ಹಳೆಯ ಕೈ ಕಣ್ಣೆದುರು ಬರಲೇ ಇಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ. ಕುಂಚ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಡ್ವೈಟ್ ಅವಳ ಮುಖ ನೋಡಿದ. ನಲವತ್ತೊಂದು ವರ್ಷ ಚಿತ್ರ ನೋಡಿದವನಿಗೆ ಬರೆಯುವವಳ ಕಷ್ಟ ಹೇಳಿಕೊಡಬೇಕಿರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಮೇಜಿನ ಅಂಚಿನ ಮೇಲಿಟ್ಟ. ಮುದುರಿದ ಬೆರಳುಗಳನ್ನು ಬಿಡಿಸಿದ. ಹೆಬ್ಬೆರಳನ್ನು ಮೇಲಕ್ಕೆ ನಿಲ್ಲಿಸಿದ. ಅದು ಬಿತ್ತು. ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು.

"ಹಿಡಿ," ಎಂದ.

ಅವಳು ಪಕ್ಕದಲ್ಲಿ ಕೂತು, ಎಡಗೈಯಲ್ಲಿ ಅವನ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದು, ಬಲಗೈಯಲ್ಲಿ ಬರೆಯತೊಡಗಿದಳು. ಗೆಣ್ಣು, ಉಗುರು, ನರ ಒಂದೊಂದೂ ಬಂದವು. ಒಲೆಯ ಮೇಲೆ ಆಲೂಗಡ್ಡೆ ಸೀದ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಬರೆಯುವ ಭರದಲ್ಲಿ ಅವಳ ಹಿಡಿತ ಬಿಗಿಯಾಗಿತ್ತೇನೋ, ಡ್ವೈಟ್ ಉಸಿರೆಳೆದುಕೊಂಡ. ಆರು ತಿಂಗಳಿಂದ ಸೂಜಿ ಚುಚ್ಚಿದರೂ ಗೊತ್ತಾಗದ ಬೆರಳು ಅದು.

"ನೋಯ್ತಾ?" ಎಂದು ಕೇಳಿದಳು.

"ಹೂಂ," ಎಂದ ಡ್ವೈಟ್. "ಬಿಡ್ಬೇಡ."

ಅವಳು ಬಿಡಲಿಲ್ಲ.