ಅಕ್ಕನ ಟವಲು

ಪ್ರಯೋಗಾಲಯದ ಮೀನುಗಳು ಮೈಮೇಲೆ ಬಿಳಿ ಮಚ್ಚೆ ಎದ್ದು ಸಾಯುತ್ತಿದ್ದವು. ಮೂರು ವರ್ಷದ ಸಂಶೋಧನೆ ನೀರುಪಾಲಾಗುತ್ತದೆಂದು ಸಂಶೋಧಕಿ ಕಂಗಾಲಾಗಿದ್ದಳು. ಮೂಲೆಯ ತೊಟ್ಟಿಯವು ಮಾತ್ರ ಗುಂಡುಕಲ್ಲಿನ ಹಾಗಿದ್ದವು.

“ಅಕ್ಕಾ, ಇವಕ್ಕೇನು ಹಾಕ್ತೀರಿ?” ಎಂದು ಕಸ ಗುಡಿಸುವಾಕೆಯನ್ನು ಕೇಳಿದಳು.

“ಏನಿಲ್ಲಮ್ಮ. ಪುಕ್ಕಲು ಜೀವಗಳು, ಪೊರಕೆ ಕಂಡ್ರೆ ಗಾಜಿಗೆ ಹಣೆ ಚಚ್ಕೊಳ್ತಿದ್ವು. ಗಾಜಿಗೆ ಅಡ್ಡವಾಗಿ ನನ್ನ ಹಳೇ ಟವಲು ಇಳಿಬಿಟ್ಟೆ. ಇದ್ದದ್ದೇ ಒಂದು. ಬೈಬೇಡಿ.”

ಹೆದರಿದ ಮೀನಿನ ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ. ಅದು ದಿನಗಟ್ಟಲೆ ಇಳಿಯದಿದ್ದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಸಂಶೋಧಕಿ ಇದನ್ನೆಲ್ಲ ಓದಿದ್ದಳು, ಪೊರಕೆಯನ್ನು ಮಾತ್ರ ಗಮನಿಸಿರಲಿಲ್ಲ.

ಅಂದೇ ಎಲ್ಲ ತೊಟ್ಟಿಗಳಿಗೂ ಬಟ್ಟೆ ಇಳಿಬಿಟ್ಟಳು. ಕೆಲವೇ ವಾರಗಳಲ್ಲಿ ಸಾವು ನಿಂತಿತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲು ಬರೆದದ್ದು, ‘ಟವಲು ಕೊಟ್ಟ ಅಕ್ಕನಿಗೆ’.

ಓದಿಸಿಕೊಂಡ ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. “ಅಯ್ಯೋ, ಇನ್ನು ವಾಪಸ್ ಕೇಳೋ ಹಾಗೂ ಇಲ್ವಲ್ಲ!”