ಪರದೆಗೆ ಕಟ್ಟಿದ ಬೆಲೆ

ಹೊನ್ನಾಳಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಚಿತ್ತಪ್ಪ ತೀರಿಕೊಂಡು ವರ್ಷ ತುಂಬುವುದರೊಳಗೆ ಮಗ ಪಂಚಾಕ್ಷರಪ್ಪ, ಮಗಳು ರುದ್ರಾಣಿ ಕೋರ್ಟಿನ ಮೆಟ್ಟಿಲು ಹತ್ತಿದರು. ಮನೆ, ಹಿತ್ತಿಲು ಹೇಗೋ ಪಾಲಾದವು. ಪಾಲಾಗದೆ ಉಳಿದದ್ದು ಒಂದು ಪರದೆ. ಅದರಲ್ಲಿ ವೀಣೆ ಹಿಡಿದು ಕೂತ ಸರಸ್ವತಿಗೆ ಚಿತ್ತಪ್ಪ ತನ್ನ ಹೆಂಡತಿಯ ಮುಖವನ್ನೇ ಬರೆದಿದ್ದ. ಆಕೆ ಸತ್ತು ಇಪ್ಪತ್ತು ವರ್ಷ. ಒಂದು ಫೋಟೋ ಕೂಡ ಇಲ್ಲ. ರುದ್ರಾಣಿಗೆ ಅವ್ವ ಅಂದರೆ ಆ ಪರದೆಯೇ.

ಪಂಚಾಕ್ಷರಪ್ಪನ ವಕೀಲರು ಅದಕ್ಕೆ ಎರಡು ಸಾವಿರ ಬೆಲೆ ಬರೆಸಿದ್ದರು. ಬೇಕಾದವರು ಇನ್ನೊಬ್ಬರಿಗೆ ಅರ್ಧ ಕೊಟ್ಟು ಇಟ್ಟುಕೊಳ್ಳಬೇಕು, ಇಲ್ಲವೇ ಹರಾಜು. ರವಿಕೆ ಹೊಲಿದು ಹೊಟ್ಟೆ ಹೊರೆಯುವವಳು ಸಾವಿರ ರೂಪಾಯಿ ಎಲ್ಲಿಂದ ತಂದಾಳು? ಯಾವುದೋ ನಾಟಕ ಕಂಪನಿಯವರು ಅವ್ವನನ್ನು ಊರೂರು ಅಲೆಸುತ್ತಾರೆಂದು ನೆನೆದು ರಾತ್ರಿಯೂ ದೀಪ ಹಚ್ಚಿಕೊಂಡು ಹೊಲಿಯುತ್ತಿದ್ದಳು.

ಆ ಬೆಲೆಯನ್ನು ರುದ್ರಾಣಿ ಒಪ್ಪದ್ದರಿಂದ 1979ರ ಬೇಸಿಗೆಯಲ್ಲಿ ಕೋರ್ಟಿನ ಕಮಿಷನರ್ ಬೆಲೆ ಕಟ್ಟಲು ಮನೆಗೇ ಬಂದರು. ಹೊನ್ನಾಳಿಯಲ್ಲಿ ಅಡಿಕೆಗೆ ಬೆಲೆ ಹೇಳುವವರು ಬೀದಿಗೊಬ್ಬರು; ಚಿತ್ರಕ್ಕೆ ಯಾರು? ಹೇಗಿದ್ದರೂ ಬಟ್ಟೆ ತಾನೇ ಎಂದು ಆ ಪುಣ್ಯಾತ್ಮರು ಜವಳಿ ಅಂಗಡಿಯ ದಾವೂದ್ ಸಾಹೇಬರನ್ನು ಕರೆತಂದಿದ್ದರು. ಸಾಹೇಬರು ಗಜಕಡ್ಡಿ ಹಿಡಿದು ಸರಸ್ವತಿಯನ್ನು ನೆತ್ತಿಯಿಂದ ಪಾದದವರೆಗೆ ಅಳೆದರು.

“ಎಲ್ಲಾ ಪಟ್ಟಿ ಸೇರಿ ಹದಿನಾರು ಗಜ. ಬಣ್ಣ ಬಳಿದ ಬಟ್ಟೆ, ಚೀಲ ಹೊಲಿಯಾಕೂ ಬರಲ್ಲ. ನಲವತ್ತು ರೂಪಾಯಿ.”

ಇಪ್ಪತ್ತು ಕೊಟ್ಟರೆ ಸಾಕೆಂದು ರುದ್ರಾಣಿಗೆ ಹೋದ ಜೀವ ಬಂದಂತಾಯಿತು. ಅಪ್ಪನ ಕೈಗೆ ಇಷ್ಟೇನಾ ಬೆಲೆ ಎಂದು ಸಿಟ್ಟೂ ಬಂತು, ನುಂಗಿಕೊಂಡಳು. ಆದರೆ ಅಣ್ಣ ತಕರಾರು ತೆಗೆದರೆ ಮುಗಿಯಿತು.

ಅಷ್ಟರಲ್ಲಿ ದಾವೂದ್ ಸಾಹೇಬರು ಅಂಗಡಿಯ ರೂಢಿಯಂತೆ ಪರದೆಯನ್ನು ಸೀರೆಯ ಹಾಗೆ ಮಡಚಲು ಹೋದರು. ಮೂಲೆಯಲ್ಲಿ ಕೂತಿದ್ದ ಪಂಚಾಕ್ಷರಪ್ಪ ಧಡಕ್ಕನೆ ಎದ್ದ.

“ಮಡಚಬ್ಯಾಡ್ರಿ ಸಾಹೇಬ್ರೆ, ಮುಖದ ಬಣ್ಣ ಬಿರೀತೈತೆ. ಸುತ್ತಬೇಕು.”

ಬಿದಿರಿನ ಗಳ ತಂದು, ಅಪ್ಪ ಕಲಿಸಿದ್ದಂತೆ ಪಾದದ ಕಡೆಯಿಂದ ಸುತ್ತುತ್ತ ಬಂದ. ಮುಖದ ಹತ್ತಿರ ಬಂದಾಗ ಅವನ ಕೈ ನಿಂತಿತು. ತಕರಾರು ಉಂಟೇ ಎಂದು ಕಮಿಷನರ್ ಕೇಳಿದರು.

“ಇಲ್ರಿ. ನಲವತ್ತೇ ಬರ್ಕಳ್ರಿ, ಆಕೀನೇ ಇಟ್ಕಳ್ಳಿ.” ಆಮೇಲೆ ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದ. “ರೇಟು ಏರ್ಸಿದ್ರೆ ನೀ ಕೈಬಿಡ್ತೀಯ, ಸಾಲಸೋಲ ಮಾಡಿ ನಾನೇ ಇಟ್ಕಳಾಣ ಅಂದ್ಕಂಡಿದ್ದೆ. ನಂಗೂ ಅವ್ವ ಅಲ್ಲೇನು. ಆಕೀ ಮುಖದ ಮುಂದೆ ಇನ್ನ ಜಗಳ ಬ್ಯಾಡ. ಹಬ್ಬಕ್ಕೆ ಬಂದಾಗ ಬಿಚ್ಚಿ ತೋರಿಸ್ತೀಯಾ?”

ರುದ್ರಾಣಿಗೆ ಕಣ್ಣು ತುಂಬಿ ಬಂತು. ತಲೆಯಾಡಿಸಿ ಗಳದ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಅಣ್ಣ ಹಿಡಿದ. ಇಬ್ಬರೂ ಸೇರಿ ಅವ್ವನನ್ನು ಒಳಗೆ ಕರೆದುಕೊಂಡು ಹೋದರು.