ನೀರಿನ ಕೆಳಗಿನ ಕೈ

ಸಮುದ್ರ ನೋಡಿಕೊಂಡು ಬರುತ್ತೇನೆಂದು ಹೋದ ತಮ್ಮ ಮಂಜೂರ್, ಮರುದಿನ ಸಂಜೆಯ ಅಸರ್ ನಮಾಜಿನ ಹೊತ್ತಾದರೂ ತಿರುಗಿ ಬರಲಿಲ್ಲ. ಬಂಬಯಿಯ ಮುಸಾಫಿರಖಾನೆಯಲ್ಲಿ, ಹೆಂಗಸರಿಗೆಂದು ಕಟ್ಟಿದ ಗೋಣಿತಟ್ಟಿನ ಪರದೆಯ ಈಚೆ, ಖುರ್ಷೀದ್ ಬೇಗಂ ಅವನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಟಿನಲ್ಲಿ ಅವನ ಇಹ್ರಾಮಿನ ಬಟ್ಟೆ. ಹೊಲಿಗೆಯಿಲ್ಲದ ಎರಡು ಬಿಳಿ ಪಂಚೆ. ಹಜ್‌ನಲ್ಲಿ ಉಡುವುದೂ ಅದೇ, ಸತ್ತರೆ ಹೊದಿಸುವುದೂ ಅದೇ. ಅದನ್ನೇ ಬಿಟ್ಟು ಹೋದವನು ನೀರಿಗೆ ಬಿದ್ದನೋ, ದಾರಿ ತಪ್ಪಿದನೋ? ಅಳಬೇಕೋ ಬೈಯಬೇಕೋ ತಿಳಿಯದೆ ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು, ಇದೇ ಆಗಿತ್ತು ಅವಳ ಕೆಲಸ.

ಶುಕ್ರವಾರದ ಜುಮ್ಮಾ ಕಳೆದ ಮೇಲೆ ಹಡಗು ಹೊರಡುವುದಿತ್ತು. ಜೊತೆಯಲ್ಲಿ ಗಂಡನೋ, ಮಗನೋ, ಒಡಹುಟ್ಟಿದವನೋ ಇಲ್ಲದ ಹೆಂಗಸಿಗೆ ಹಜ್ ಇಲ್ಲ ಎಂದು ಕಲಬುರಗಿಯ ರೋಜಾ ಓಣಿಯ ಮೌಲ್ವಿ ಹೇಳಿಕೊಟ್ಟಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಇದ್ದವನು ಇವನೊಬ್ಬ. ಇವನಿಲ್ಲದೆ ಮುಂದಕ್ಕೆ ಹೋಗುವಂತಿಲ್ಲ.

ಹಿಂದಕ್ಕೆ ಹೋಗುವುದಂತೂ ಇನ್ನೂ ಆಗದ ಮಾತು. ಹಜ್‌ಗೆ ಹೋಗುವವರು ಸಾಯಲು ಹೋದಂತೆಯೇ ಹೋಗಬೇಕು. ಅವಳೂ ಹಾಗೇ ಹೊರಟಿದ್ದಳು. ಆಡನ್ನು ಒಬ್ಬರಿಗೆ, ಹಂಡೆಯನ್ನು ಇನ್ನೊಬ್ಬರಿಗೆ, ಕೌದಿಗಳನ್ನು ಮತ್ತೊಬ್ಬರಿಗೆ ಕೊಟ್ಟು, ಓಣಿಯ ಮನೆ ಮನೆಗೂ ಹೋಗಿ ‘ಹೇಳಿದ್ದು ಕೇಳಿದ್ದು ಎಲ್ಲಾ ಮಾಫ್ ಮಾಡ್ರಿ’ ಎಂದು ಸೆರಗೊಡ್ಡಿದ್ದಳು. ಕೊನೆಗೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಯ ಬಾಗಿಲಿಗೂ ಹೋಗಿದ್ದಳು. ಅದು ಅವಳ ವಾರಗಿತ್ತಿ ರೋಷನಬಿಯ ಮನೆ. ರೋಷನಬಿಯ ಮಗಳಿಗೂ ಮಂಜೂರನಿಗೂ ನಿಶ್ಚಯವಾಗಿದ್ದ ಮದುವೆಯನ್ನು ಖುರ್ಷೀದಳೇ ಮುರಿದಿದ್ದಳು. ತಮ್ಮನಿಗೆ ಹೈದರಾಬಾದಿನ ಬಿಳಿ ಹೆಣ್ಣು ತರುವ ಆಸೆ ಅವಳಿಗೆ. ಹೈದರಾಬಾದಿನ ಹೆಣ್ಣೂ ಬರಲಿಲ್ಲ, ರೋಷನಬಿಯೂ ಅಂದಿನಿಂದ ಮಾತು ಬಿಟ್ಟಳು. ಬೈಯಲಿಲ್ಲ, ಶಪಿಸಲಿಲ್ಲ. ಸುಮ್ಮನೆ ಮಾತು ಬಿಟ್ಟಳು, ಅಷ್ಟೇ. ಆ ದಿನ ಮಾತ್ರ ಹೊಸ್ತಿಲ ಮೇಲೆ ನಿಂತು, ಗೋಡೆಯ ಕಡೆ ನೋಡುತ್ತ ಅಂದಿದ್ದಳು: “ಸಮುದ್ರ ದಾಟೋರ ಮ್ಯಾಲೆ ಸಿಟ್ಟು ಇಟ್ಕೋಬಾರದು. ಹೋಗು, ಬಿಟ್ಟೀನಿ.”

ಆ ಮಾತಿಗೆ ಖುರ್ಷೀದಳ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಗಿತ್ತು. ಹಾರ ಹಾಕಿ, ಟಾಂಗಾದ ಹಿಂದೆ ನಡೆದು, ಟೇಷನ್ನಿನ ತನಕ ಬಂದು ಕಳಿಸಿದ ಓಣಿಗೆ ಈಗ ಯಾವ ಮೋರೆ ಹೊತ್ತು ಹೋಗುವುದು? ಸಮುದ್ರ ದಾಟದವಳಿಗೆ ರೋಷನಬಿಯ ಆ ಮಾಫಿ ದಕ್ಕುವುದೇ?

ಅಜ್ಜಿ ಹೇಳುತ್ತಿದ್ದ ಕತೆಯೊಂದು ಬೇರೆ ನೆನಪಾಗಿ ಕಾಡುತ್ತಿತ್ತು. ಸಮುದ್ರದ ತಳದಲ್ಲಿ ಒಂದು ಕೈ ಇದೆಯಂತೆ. ದಡದಲ್ಲಿ ಯಾರದೋ ಮನಸ್ಸಿನಲ್ಲಿ ಮುಳ್ಳು ಮುರಿದು ಬಂದವರು ಹಡಗು ಹತ್ತಿದರೆ, ಆ ಕೈ ಮೇಲೆದ್ದು ಹಡಗಿನ ಹೊಟ್ಟೆ ಹಿಡಿದುಕೊಳ್ಳುತ್ತದಂತೆ. ಚಿಕ್ಕಂದಿನಲ್ಲಿ ಈ ಕತೆ ಕೇಳಿದ ದಿನ ಮಂಜೂರ್ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ.

ಪಕ್ಕದ ಚಾಪೆಯವಳು ಇಕ್ಬಾಲ್ ಬೇಗಂ, ಔರಂಗಾಬಾದಿನ ದಪ್ಪ ದನಿಯ ಹೆಂಗಸು. ಸಂಗಡ ಗಂಡ, ಮೂವರು ಗಂಡುಮಕ್ಕಳು. ಅವಳು ಎಲೆ ಮಡಿಸುತ್ತ ತನ್ನ ದಖನಿ ಉರ್ದುವಿನಲ್ಲಿ ಹೇಳಿದಳು: “ಯಾಕ್ರೀ ಬೂಬು, ಆ ಗಂಟು ಬಿಚ್ಚಿ ಬಿಚ್ಚಿ ನೋಡಿದ್ರ ತಮ್ಮ ಅದರಾಗಿಂದ ಹೊರಗ ಬರ್ತಾನೇನು? ಒಬ್ಬ ಗಂಡಸು ಹೋದರ ಇನ್ನೊಬ್ಬ. ಅತ್ತರಿನ ಸಲಾವುದ್ದೀನ್ ಸಾಹೇಬ್ರು ಅದಾರ ನೋಡ್ರಿ, ಬುರ್ಹಾನಪುರದವರು, ಒಂಟಿ ಜೀವ. ನಿಕಾ ಮಾಡ್ಕೊಳ್ರಿ, ಹಡಗ ಹತ್ರಿ. ತಿರುಗಿ ಬಂದಮ್ಯಾಲೆ ನಿಮ್ಮ ದಾರಿ ನಿಮಗ, ಅವರ ದಾರಿ ಅವರಿಗೆ.”

“ಛೀ, ಹಜ್‌ಗಾಗಿ ಮದುವೀನಾ?”

“ಊಟಕ್ಕಾಗಿ ಮದುವೆ ಆಗೋರಿಲ್ಲೇನು? ಇದು ಅದಕ್ಕಿಂತ ಪಾಕ್ ಕೆಲಸ!”

ಪರದೆಯ ಈಚೆಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ನಗೆಯ ನಡುವೆಯೇ ಖುರ್ಷೀದ್ ಗಂಟು ಎತ್ತಿಕೊಂಡು ಎದ್ದಳು. ಬುರ್ಖಾ ಎಳೆದುಕೊಂಡು, ಹುಟ್ಟಿದಾರಭ್ಯ ಮೊದಲ ಬಾರಿಗೆ ಒಬ್ಬಳೇ ಬೀದಿಗಿಳಿದಳು.

ಸಮುದ್ರ ಅವಳು ಅಂದುಕೊಂಡಂತಿರಲಿಲ್ಲ. ಕೆರೆಗಾದರೆ ಆಚೆ ದಂಡೆ ಇರುತ್ತದೆ. ನೋಡಿದ ಕಣ್ಣು ಅಲ್ಲಿ ಹೋಗಿ ಕೂತುಕೊಳ್ಳುತ್ತದೆ. ಇಲ್ಲಿ ಕಣ್ಣಿಗೆ ಕೂಡಲು ಜಾಗವೇ ಇರಲಿಲ್ಲ. ಇಷ್ಟು ದೊಡ್ಡ ಬಯಲಿನ ಮುಂದೆ ನಿಂತು ಯಾರಿಗಾದರೂ ಇಕ್ಕಟ್ಟು ಅನಿಸುತ್ತದೆಯೇ? ಅವಳಿಗೆ ಅನಿಸಿತು. ಬೆನ್ನ ಹಿಂದೆ ಬಂಬಯಿ, ಮುಂದೆ ನೀರು, ನಡುವೆ ಒಂದು ಕಲ್ಲಿನ ಕಟ್ಟೆ. ಅಲ್ಲಿ ಕೂತು, ಹಸಿವಾಗಿ, ಗಂಟಿನ ತುದಿಯಲ್ಲಿದ್ದ ರೊಟ್ಟಿ ಬಿಚ್ಚಿದಳು. ಎಲ್ಲಿತ್ತೋ, ಒಂದು ಬಿಳಿ ಹಕ್ಕಿ ರಪ್ಪನೆ ಎರಗಿ ಕೈಯೊಳಗಿನ ತುಂಡನ್ನು ಕಿತ್ತುಕೊಂಡು ಹಾರಿತು.

“ನಿನ್ನ ಬಾಯಾಗ ಮಣ್ಣ ಬೀಳಲಿ!” ಎಂದಳು ಖುರ್ಷೀದ್. ಸಿಟ್ಟಿನಲ್ಲಿ ಬಂದದ್ದು ಮನೆಯ ಉರ್ದುವಲ್ಲ, ಕಲಬುರಗಿ ಬಜಾರಿನ ಕನ್ನಡ.

ತಲೆಯ ಮೇಲೆ ಕಲ್ಲಿದ್ದಲಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತಳು. ಮೋರೆಯೆಲ್ಲ ಕಪ್ಪು, ಹಲ್ಲು ಮಾತ್ರ ಬೆಳ್ಳಗೆ.

“ಅಯ್ಯ ಶಿವನ! ಬುರ್ಖಾದಾಗಿಂದ ನಮ್ಮೂರ ಬೈಗುಳ ಬಂತಲ್ಲ! ಯಾವೂರವ್ವಾ?”

“ಕಲಬುರಗಿ. ರೋಜಾ.”

“ನಂದು ಕಮಲಾಪುರ. ದುಂಡಮ್ಮ ಅಂತಾರ. ಇಲ್ಲಿ ಹಡಗಿನ ಒಲಿಗೆ ಇದ್ದಲಿ ಹೊರ್ತೀನಿ.” ಬುಟ್ಟಿ ಇಳಿಸಿ ಪಕ್ಕದಲ್ಲೇ ಕೂತಳು. “ಏನ ಚಂದ ಬೈದಿ ಬೇ! ಕೇಳಿ ಎಷ್ಟ ದಿನ ಆಗಿತ್ತು. ಇನ್ನೊಂದಿಷ್ಟ ಬೈ.”

ಖುರ್ಷೀದಳಿಗೆ ನಗಲು ಹೋಗಿ ಅಳು ಬಂತು. ತಮ್ಮನ ಸುದ್ದಿಯನ್ನೆಲ್ಲ ಹೇಳಿಕೊಂಡಳು. ಕೇಳುತ್ತ ಕೇಳುತ್ತ ದುಂಡಮ್ಮನ ನಗೆ ಆರಿತು.

“ಉದ್ದ ಮೂಗು, ಹಸಿರು ರುಮಾಲು, ಹೌದಿಲ್ಲೋ? ನಿನ್ನಿ ಇಲ್ಲೇ ಕುಂತಿದ್ದ ಬೇ, ನೀರಿಗೆ ಬೆನ್ನ ಮಾಡಿ. ನೀರಾಗ ಕೈ ಐತಿ, ನನ್ನ ಬಿಡಂಗಿಲ್ಲ ಅಂತಿದ್ದ. ‘ಎಲ್ಲರ ಕಡೆ ಮಾಫಿ ಕೇಳೀನಿ ಅಂತ ಅಕ್ಕನ ಮುಂದ ಸುಳ್ಳ ಹೇಳೀನಿ. ಒಂದ ಬಾಗಲಕ್ಕ ಹೋಗೇ ಇಲ್ಲ’ ಅಂತ ಹಣಿ ಬಡಕೊಂಡ. ಕಲಬುರಗಿಗೆ ಹೋಗಾಕ ಮಾರಿ ಇಲ್ಲ ಅಂದ. ನಂಗ ಕನಿಕರ ಬಂತು. ಕಮಲಾಪುರದಾಗ ನಮ್ಮಣ್ಣ ಸೂಗಪ್ಪನ ಬಾಳಿ ತ್ವಾಟ ಐತಿ, ದುಂಡಿ ಕಳಿಸ್ಯಾಳ ಅನ್ನು, ಇರು ಅಂದೆ. ಟೇಷನ್ ಕಡಿ ಓಡಿದ.”

ಬದುಕಿದ್ದಾನೆ! ಆ ಸಂತೋಷ ಒಂದು ಗುಟುಕು ನೀರಿನಷ್ಟು. ಅದು ಇಳಿದ ಕೂಡಲೇ ಗಂಟಲು ಮತ್ತೆ ಒಣಗಿತು. ಒಂದು ಬಾಗಿಲು ಅಂದರೆ ಯಾವ ಬಾಗಿಲು? ಅವಳಿಗೆ ಬೇರೆ ಕೇಳುವುದೇ ಬೇಕಿರಲಿಲ್ಲ.

ಮುಸಾಫಿರಖಾನೆಗೆ ಬಂದರೆ ಇಕ್ಬಾಲ್ ಬೇಗಂ ನಿಕಾದ ಮಾತನ್ನು ಮುಂದುವರಿಸಿಯೇ ಬಿಟ್ಟಿದ್ದಳು. ಪರದೆಯ ಆಚೆ ಸಲಾವುದ್ದೀನ್ ಸಾಹೇಬರು ಬಂದು ಕೂತಿದ್ದರು. ಮಲ್ಲಿಗೆ ಅತ್ತರಿನ ವಾಸನೆ, ಜಪಮಣಿಯ ಸದ್ದು, ಪರದೆಯ ಕೆಳಗಿನಿಂದ ಕಾಣುವ ಸವೆದ ಮೋಜಡಿ, ಇಷ್ಟೇ ಅವಳಿಗೆ ತಿಳಿದ ಸಲಾವುದ್ದೀನ್.

“ಬೀಬಿ, ಹೆದರಬೇಡಿ,” ಎಂದರು ಸಾವಕಾಶ ಉರ್ದುವಿನಲ್ಲಿ. “ನಿಮಗೆ ನನ್ನ ಹೆಸರು ಬೇಕು. ನನಗೆ ಹಡಗಿನ ಏಣಿ ಹತ್ತುವಾಗ ಹಿಂದೆ ಒಬ್ಬರು ಬೇಕು. ಹಿಂದೆ ಯಾರಾದರೂ ಇದ್ದರೆ ಇಳಿಯಲು ಬರುವುದಿಲ್ಲ, ನೋಡಿ.”

“ಅಂದರೆ, ಈ ಮೊದಲು ಇಳಿದಿದ್ದೀರಾ?”

ಮಣಿಯ ಸದ್ದು ನಿಂತಿತು.

“ಪ್ರತಿ ವರ್ಷ. ಹಾರ ಹಾಕಿಸಿಕೊಂಡು ಬಂದವನು. ಮೊದಲ ವರ್ಷ ಜ್ವರ ಬಂತು, ಹಡಗು ತಪ್ಪಿತು. ಬರಿಗೈಲಿ ಊರಿಗೆ ಹೇಗೆ ಹೋಗಲಿ ಎಂದು ಇಲ್ಲೇ ಅತ್ತರು ಮಾರುತ್ತ ಉಳಿದೆ. ಆಮೇಲೆ ಏಣಿಯ ತನಕ ಹೋಗುತ್ತೇನೆ, ಕಾಲು ಬರುವುದಿಲ್ಲ. ಇಲ್ಲಿ ನನ್ನನ್ನು ಬಂಬಯಿ ಹಾಜಿ ಅಂತಾರೆ.”

“ನಿಮ್ಮೂರಲ್ಲಿ ಯಾರೂ ಕಾಯುತ್ತಿಲ್ಲವೇ?”

“ಕಾಯ್ತಾರೆ, ಬೀಬಿ. ಹಾಜಿಗಾಗಿ ಕಾಯ್ತಾರೆ. ನನಗಾಗಿ ಅಲ್ಲ.”

ಖುರ್ಷೀದ್ ಆ ಸವೆದ ಮೋಜಡಿಯನ್ನೇ ನೋಡಿದಳು. ಕೂದಲು ನರೆತು, ಇದೇ ಪರದೆಯ ಈಚೆ, ವರ್ಷ ವರ್ಷ ಹೊಸ ಹೆಂಗಸರಿಗೆ ಚಾಪೆ ಹಾಸಿಕೊಡುತ್ತಿರುವ ಒಬ್ಬ ಮುದುಕಿ ಕಣ್ಣಿಗೆ ಕಟ್ಟಿದಳು. ಆ ಮುದುಕಿಯ ಮೂಗು ತನ್ನದೇ. “ನನಗೆ ಮಾಫ್ ಮಾಡಿ,” ಎಂದು ಎದ್ದಳು. ತಮ್ಮನನ್ನು ಹಿಡಿದು ತಂದು ಮುಂದಿನ ಹಡಗಿಗಾದರೂ ಹತ್ತಿಸುತ್ತೇನೆಂದು ಗಂಟು ಕಟ್ಟಿದಳು. ರೈಲಿನ ತನಕ ಬಂದು ಕೂಡಿಸಿದವಳು ದುಂಡಮ್ಮ.

ಕಲಬುರಗಿ ಟೇಷನ್ನಿನಲ್ಲಿ ಇಳಿದು, ಗುರುತಿನವರು ಕಂಡಾರೆಂದು ಬುರ್ಖಾದೊಳಗೇ ಮುದುಡಿಕೊಂಡು, ಕಮಲಾಪುರದ ಚಕ್ಕಡಿ ಹತ್ತಿದಳು. ಸೂಗಪ್ಪ ತೋಟದ ಮೂಲೆಯ ಮಣ್ಣಿನ ಕೋಣೆ ತೋರಿಸಿದ. ಕಿಟಕಿಯಿಲ್ಲದ ಕೋಣೆ. ಕೆಂಪು ಬಾಳೆಯ ಗೊನೆಗಳನ್ನು ಹುಲ್ಲು ಮುಚ್ಚಿ, ಹೊಗೆ ಕೊಟ್ಟು ಹಣ್ಣು ಮಾಡುವ ಜಾಗ. ಗೊನೆಗಳ ನಡುವೆ ಮಂಜೂರ್ ಮೊಳಕಾಲು ಅಪ್ಪಿಕೊಂಡು ಕೂತಿದ್ದ.

ಅಕ್ಕ ಎರಡು ಬಾರಿಸಿದಳು. ಅವನು ಎರಡನ್ನೂ ತಿಂದ. ಆಮೇಲೆ ಕಣ್ಣೊರೆಸಿಕೊಂಡು ಒಂದು ಉಪಾಯ ಹೇಳಿದ.

“ಹಡಗಿಗೆ ನಾ ಒಲ್ಲೆ, ಆಪಾ. ಬಕ್ರೀದ್ ಕಳೀಲಿ. ಹಾಜಿಗಳು ತಿರುಗಿ ಬರೂ ಹೊತ್ತಿಗೆ ನಾವೂ ಹೋಗೂಣು. ಮಕ್ಕಾದ್ದು ಅಂತ ಹಂಚಾಕ ಖಜೂರ ಬಜಾರದಾಗೇ ಸಿಗ್ತಾವ. ಅಲ್ಲಿತನಕ ಇಲ್ಲೇ ಇದ್ರ ಯಾರಿಗೆ ಗೊತ್ತಾಗ್ತದ?”

ಅವಳು ಬೈಯಬೇಕಿತ್ತು. ಬೈಯಲಿಲ್ಲ. ಉಳಿದಳು. ಸಂತೆಗೆ ಕಲಬುರಗಿಯ ಜನ ಬರುತ್ತಾರೆಂದು ಹಗಲೆಲ್ಲ ಬಾಗಿಲು ಮುಚ್ಚಿ, ಹೊಗೆಯಲ್ಲಿ ಕೆಮ್ಮದಂತೆ ಸೆರಗು ಬಾಯಿಗೊತ್ತಿಕೊಂಡು ಕೂತಳು. ಹಣ್ಣಾಗುವ ಬಾಳೆಯ ಸಿಹಿ ವಾಸನೆ ಬಟ್ಟೆಗೆ, ಕೂದಲಿಗೆ, ನಿದ್ದೆಗೆ ಹತ್ತಿತು. ಮಂಜೂರ್ ಮಾತ್ರ ಉತ್ಸಾಹದಲ್ಲಿದ್ದ. ಅರಫಾತಿನ ಬಿಸಿಲು ಹೇಗಿತ್ತೆಂದು ಯಾರಾದರೂ ಕೇಳಿದರೆ ಏನು ಹೇಳುವುದು, ಜಮ್ಜಮ್ ನೀರಿನ ರುಚಿ ಹೇಗಿತ್ತೆನ್ನುವುದು, ಎಲ್ಲವನ್ನೂ ಗೊನೆಗಳ ಮುಂದೆ ಅಭ್ಯಾಸ ಮಾಡುತ್ತಿದ್ದ.

“ರೋಷನಬಿ ಕೇಳಿದ್ರ?” ಎಂದಳು ಒಂದು ದಿನ.

“ಆಕಿಗೂ ಅದನ್ನ ಹೇಳೋದು.”

ಖುರ್ಷೀದಳಿಗೆ ಅಜ್ಜಿಯ ಕತೆಯ ಕೈ ಎಲ್ಲಿದೆಯೆಂದು ಆಗ ಗೊತ್ತಾಯಿತು. ಅದು ಬಂಬಯಿಯಲ್ಲಿ ಇರಲಿಲ್ಲ. ಹುಲ್ಲಿನ ಕೆಳಗಿಂದ ಎದ್ದು ಅವಳ ಕಾಲು ಹಿಡಿದಿತ್ತು. ಸುಳ್ಳು ಹಾಜಿಯಾಗಿ ರೋಷನಬಿಯ ಎದುರು ನಿಂತರೆ, ಅವಳು ಕಷ್ಟಪಟ್ಟು ಕೊಟ್ಟದ್ದನ್ನು ಕದ್ದಂತಾಗುತ್ತದೆ. ಆಮೇಲೆ ಸಾಯುವ ತನಕ ಈ ಕೋಣೆಯಿಂದ ಹೊರಗೆ ಬಂದಂತಾಗುವುದಿಲ್ಲ. ಅವಳು ಬಾಗಿಲು ದೂಡಿದಳು. ಬಿಸಿಲಿಗೆ ಕಣ್ಣು ಕುಕ್ಕಿತು. “ಆಪಾ, ಹುಚ್ಚ ಹಿಡೀತೇನು?” ಎಂದು ಹಿಂದಿನಿಂದ ಮಂಜೂರ್ ಕೂಗಿದ. ಹೊಸ್ತಿಲು ದಾಟಿ ಮಾತ್ರ ಬರಲಿಲ್ಲ.

ರೋಜಾ ಓಣಿಯಲ್ಲಿ ರೋಷನಬಿ ಹೊಸ್ತಿಲ ಬಳಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಬುರ್ಖಾ ನೋಡಿ “ಯಾರ್ರೀ?” ಎಂದಳು. ಖುರ್ಷೀದ್ ಮುಸುಕು ಎತ್ತಿದಳು. ಮೊರ ಕೈಯಲ್ಲೇ ನಿಂತಿತು.

“ಮಕ್ಕಾ ಇಷ್ಟ ಸಮೀಪ ಬಂತೇನು?”

“ಬಂಬಯಿ ತನಕ ಹೋಗಿದ್ದೆ. ದಾಟಲಿಲ್ಲ. ದಾಟೋರಿಗೆ ಅಂತ ನೀ ಕೊಟ್ಟ ಮಾಫಿ ನಂದಲ್ಲ. ತಿರುಗಿ ಕೊಡಾಕ ಬಂದೀನಿ.”

ರೋಷನಬಿ ಜೋಳದೊಳಗಿನ ಒಂದು ಹರಳು ಹೆಕ್ಕಿ ಎಸೆದಳು.

“ನಿನ್ನ ತಮ್ಮ?”

“ಕಮಲಾಪುರದಾಗ. ಬಾಳಿಕಾಯಿ ಜೋಡಿ ಹಣ್ಣಾಗಾಕತ್ಯಾನ.”

ರೋಷನಬಿಯ ತುಟಿಯ ತುದಿ ಅಲುಗಿತು. ತಕ್ಷಣ ಬಿಗಿಯಾಯಿತು. “ಆಯ್ತು. ತಗೊಂಡೆ ವಾಪಸ್,” ಎಂದಳು.

ಖುರ್ಷೀದ್ ಬಂದದ್ದು ಇದಕ್ಕೇ. ಪಕ್ಕದಲ್ಲಿ ತನ್ನ ಮನೆ. ಹಂಡೆಯಿಲ್ಲ, ಕೌದಿಯಿಲ್ಲ, ಆಡಿಲ್ಲ. ಎದುರು ಮನೆಯ ಕಿಂಡಿಯಲ್ಲಿ ಆಗಲೇ ಎರಡು ಕಣ್ಣು. ನಾಳೆಯಿಂದ ಓಣಿಯ ಬಾಯಲ್ಲಿ ಅವಳೇ ಬಂಬಯಿ ಹಾಜಿ. ತಿರುಗಿ ಹೆಜ್ಜೆ ಎತ್ತಿದಳು.

“ಎಲ್ಲಿಗೆ ಹೊಂಟಿ?” ಎಂದಳು ರೋಷನಬಿ. “ಮಾಫಿ ತಿರುಗಿ ಬಂತಂದ್ರ ಜಗಳ ಉಳೀತು. ಅದನ್ನ ನಾ ಗ್ವಾಡಿ ಜೋಡಿ ಮಾಡಲೇನು? ಕುಂದ್ರು. ನನ್ನ ಮಗಳನ್ನ ಯಾಕ ಒಲ್ಲೆ ಅಂದಿ? ಮೊದಲಿಂದ ಹೇಳು. ಅವತ್ತು ಒಂದೂ ಮಾತು ನನಗ ಹೇಳಲಿಲ್ಲ ನೀ.”

ಖುರ್ಷೀದ್ ಹೊಸ್ತಿಲ ಹೊರಗೆ ಕೂತಳು. “ಕರ್ರಗ ಇದ್ದಳು ಅಂತ,” ಎಂದಳು ಮೆಲ್ಲಗೆ.

“ಏನಂದಿ? ಜೋರಾಗಿ ಹೇಳು, ಓಣಿಗೆ ಕೇಳ್ಲಿ!” ರೋಷನಬಿಯ ದನಿ ಒಡೆದಿತ್ತು. ಮೊರದೊಳಗಿನ ಅರ್ಧ ಜೋಳವನ್ನು ಅವಳ ಮುಂದೆ ಸುರುವಿ ದೂಡಿದಳು. “ಕೈ ಯಾಕ ಖಾಲಿ ಇಟ್ಕೊಂಡಿ? ಹಸನು ಮಾಡ್ಕೊಂತ ಹೇಳು.”